ಕೆಂಪು ವ್ಯಾನಿನ ಪೂರ್ವಾಶ್ರಮ

ಕಾಲೇಜಿನಲ್ಲಿ ನನ್ನ ಬೆಂಚನ್ನು ಅರ್ಧಕ್ಕಿಂತ ಹೆಚ್ಚು ಆಕ್ರಮಿಸಿದ್ದ ಗೆಳೆಯ ದೇವಕುಮಾರನಿಗೆ,

ನೀನು ಹೋಗಿ ವರ್ಷವಾಗುತ್ತಾ ಬಂತು. ನೀನಿರುವ ಕಡೆ ಅಂಚೆ ವ್ಯವಸ್ಥೆ ಹೇಗಿದೆಯೋ ಕಾಣೆ. ಆದರೆ ಫ್ರಾನ್ಸಿನ ಯಾವುದೋ ಸಂದಿಯಿಂದ ಹೊರಟ ಅಂಗೈಯಗಲದ ಆಟಿಕೆ ವ್ಯಾನುಗಳು ಶ್ರವಣಬೆಳಗೊಳದ ನಿನ್ನ ಕಾಲುಚೀಲದ ಅಂಗಡಿಗೆ ಒಂದು ಗೀರೂ ಬೀಳದೆ ಬಂದು ಸೇರುತ್ತಿದ್ದವಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಸಾರಿಗೆ ಸಾಮ್ರಾಜ್ಯದಲ್ಲಿ ಹೋದ ವಾರ ಒಂದು ದೊಡ್ಡ ಗಂಡಾಂತರ ನಡೆದುಹೋಯಿತು. ಅದನ್ನು ನಿನಗೆ ತಿಳಿಸದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ಆ ಫ್ರೆಂಚ್ ಹೆಂಗಸು ನೆನಪಿದ್ದಾಳಾ? ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ಬೆಟ್ಟ ಹತ್ತಲು ಹೋಗಿ, ಅರ್ಧಕ್ಕೇ ಕುಣಿಯುತ್ತಾ ಇಳಿದು, ನಿನ್ನ ಅಂಗಡಿಯ ನೆರಳಿಗೆ ಬಂದು ಬಿದ್ದವಳು. ನೀನು ಅವಳ ಕಾಲಿಗೆ ನೀರು ಹಾಕಿಸಿ, ದಪ್ಪನೆಯ ಒಂದು ಜೊತೆ ಕಾಲುಚೀಲ ಕೊಟ್ಟೆ. ಅವಳು ಪರ್ಸು ತೆಗೆದರೆ ಕೈ ಆಡಿಸಿಬಿಟ್ಟೆ. "ಸುಟ್ಟ ಕಾಲಿನ ಮುಂದೆ ಯಾಪಾರ ಮಾಡಕ್ಕಾಯ್ತದೇನ್ಲಾ?" ಎಂದು ನನ್ನನ್ನೇ ಗದರಿಸಿದೆ, ನಾನೇನೋ ಮಾಡು ಅಂದವನ ಹಾಗೆ. ಕೆಲವು ತಿಂಗಳಾದ ಮೇಲೆ ಅವಳಿಂದ ಒಂದು ಪೊಟ್ಟಣ ಬಂತು. ಒಳಗೆ ಬೂದು ಬಣ್ಣದ ಪುಟ್ಟ ವ್ಯಾನು. ಮೈತುಂಬ ನಮ್ಮೂರಿನ ಶೆಡ್ಡುಗಳ ತಗಡಿನಂತೆ ಅಲೆಅಲೆಯ ಮಡಿಕೆ. ಅವಳ ತಾತ ಅಂಥದ್ದೇ ವ್ಯಾನಿನಲ್ಲಿ ಹಳ್ಳಿಹಳ್ಳಿಗೂ ಬ್ರೆಡ್ಡು ಹಂಚುತ್ತಿದ್ದನಂತೆ. ನಾನು, "ಮೂತಿ ಥೇಟು ಹಂದೀದೇ ಕಣೋ" ಅಂದೆ. "ಆನೇದು ಅನ್ನು. ಇಲ್ದಿದ್ರೆ ಎದ್ದು ಆಚೆಗೋಗು" ಅಂದೆ ನೀನು.

ಅಲ್ಲಿಂದ ಶುರುವಾಯಿತು ನಿನ್ನ ಹುಚ್ಚು. ನನ್ನ ಫೋನಿನಲ್ಲಿ ಚಿತ್ರ ಹುಡುಕುವುದು, ತರಿಸುವುದು. ಹಾಲಿನ ವ್ಯಾನು, ಟಪಾಲಿನ ವ್ಯಾನು, ಇದ್ದಿಲು ಹೊರುವ ಮೂಗುದ್ದದ ಲಾರಿ. ಎಲ್ಲವೂ ನಮ್ಮಪ್ಪಂದಿರ ಕಾಲದವು, ಎಲ್ಲವೂ ಫ್ರಾನ್ಸಿನವು, ಎಲ್ಲವೂ ನಿಜವಾದ ಗಾಡಿಯ ನಲವತ್ತಮೂರನೇ ಒಂದು ಭಾಗ. ಮಿರುಗುವ ಕಾರು ತೋರಿಸಿದರೆ ಮೂಗು ಮುರಿಯುತ್ತಿದ್ದೆ. "ಕಾರು ಯಜಮಾನಂದು. ವ್ಯಾನು ಊರಿಂದು ಕಣ್ಲಾ." ಜಗತ್ತಿನಲ್ಲಿ ಇಷ್ಟು ವಸ್ತುಗಳಿರುವಾಗ ಒಬ್ಬ ಮನುಷ್ಯ ಇದನ್ನೇ ಏಕೆ... ಎಂದು ನಾನು ಕೇಳಹೊರಟು ಸುಮ್ಮನಾಗಿದ್ದೇನೆ. ದಿನವಿಡೀ ಯಾತ್ರಿಕರ ಒಡೆದ ಹಿಮ್ಮಡಿಗಳನ್ನೇ ನೋಡುವವನಿಗೆ ಸಂಜೆಗೆ ಚಕ್ರಗಳು ಬೇಕಾಗಿದ್ದವೋ ಏನೋ.

ಅಂಗಡಿಯಲ್ಲಿನ ನಿನ್ನ ಗಾಜಿನ ಬೀರು ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲಿನ ಖಾನೆ ಹಾಸನ, ಅದರ ಕೆಳಗೆ ಚನ್ನರಾಯಪಟ್ಟಣ, ಆಮೇಲೆ ಹೊಳೆನರಸೀಪುರ, ತೀರಾ ಕೆಳಗೆ ಅರಕಲಗೂಡು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ಬಂದು, ಬೆಟ್ಟದ ಮೇಲೆ ಬೆಳಕು ಕೇಸರಿಯಾಗುವ ಹೊತ್ತಿಗೆ ನೀನು ಗಾಡಿಗಳನ್ನು ಬಿಡುತ್ತಿದ್ದೆ. ಅಂದರೆ ಒಂದು ಖಾನೆಯಿಂದ ಇನ್ನೊಂದು ಖಾನೆಗೆ ಎತ್ತಿಡುತ್ತಿದ್ದೆ, ಅಷ್ಟೆ. ಆದರೆ ಎತ್ತಿಡುವಾಗ ನಿನ್ನ ಕೈ ಎಷ್ಟು ನಿಧಾನ! "ಈಗ ಹೇಮಾವತಿ ಸೇತುವೆ ಮೇಲವ್ನೆ. ಕೆಳಗೆ ನೀರು ಬೆಳ್ಳಗೆ ಕಾಣ್ತದೆ. ಡ್ರೈವರ್ರು ಗಾಜು ಇಳಿಸ್ದ." ನನಗೂ ತಣ್ಣನೆಯ ಗಾಳಿ ಮುಖಕ್ಕೆ ಬಡಿದಂತಾಗುತ್ತಿತ್ತು. ಆಲೂಗಡ್ಡೆಯನ್ನು ನಾಲಿಗೆಗೆ ಸೋಕಿಸದ ನೀನು ಹಾಸನದ ಮಾರುಕಟ್ಟೆಗೆ ಆಲೂಗಡ್ಡೆ ಹೊರಲೆಂದೇ ಒಂದು ನೀಲಿ ಲಾರಿಯನ್ನು ಮೀಸಲಿಟ್ಟಿದ್ದೆಯಲ್ಲ, ನಾನು ಕೆಣಕಿದಾಗ ಏನಂದೆ? "ತಿನ್ನೋರು ತಿನ್ಲಿ. ಗಾಡಿಗೇನು ಬಾಯಿ ಐತಾ?"

ಆ ಕೆಂಪು ವ್ಯಾನು ಬಂದ ದಿನ ನಿನ್ನ ಮುಖ ನೋಡಬೇಕಿತ್ತು. ಬಾಗಿಲಿನ ಮೇಲೆ ಬಂಗಾರದ ಬಣ್ಣದ ಬಳ್ಳಿಯಂಥ ಅಕ್ಷರಗಳು. ಫ್ರೆಂಚ್ ನಿನಗೂ ಬಾರದು, ನನಗೂ ಬಾರದು. ಆದರೇನು, ನೀನು ಬಣ್ಣ ನೋಡಿಯೇ ಗಾಡಿಯ ಕಸುಬು ಹೇಳುವವನು. ಹಳದಿ ಟಪಾಲಿನ ವ್ಯಾನು ಬಂದಾಗ ಅರಿಶಿನದ ವ್ಯಾಪಾರಿಯದ್ದೆಂದು ತೀರ್ಪು ಕೊಟ್ಟು, ಆಮೇಲೆ ವಾಪಸು ಪಡೆದಿದ್ದೆ. ಕೆಂಪಿನ ವಿಷಯದಲ್ಲಿ ಅನುಮಾನವೇ ಇರಲಿಲ್ಲ. "ಕುಂಕುಮದ ಯಾಪಾರ್ದೋನ ಗಾಡಿ. ಅಕ್ಷರ ನೋಡು, ಎಷ್ಟು ಲಕ್ಷಣವಾಗವೆ." ಪ್ರತಿ ಆಯುಧಪೂಜೆಗೂ ಅದಕ್ಕೇ ಮೊದಲ ಮರ್ಯಾದೆ. ನಿಂಬೆಹಣ್ಣನ್ನು ನಲವತ್ತಮೂರರಿಂದ ಭಾಗಿಸಿದರೆ ಸಾಸಿವೆಕಾಳು ಎಂದು ಲೆಕ್ಕ ಹಾಕಿ, ಚಕ್ರದಡಿ ಸಾಸಿವೆಯಿಟ್ಟು, ತೀರ್ಥಂಕರರ ಪಟದ ಮುಂದೆ ಅದನ್ನು ಮುಂದಕ್ಕೆ ಉರುಳಿಸುತ್ತಿದ್ದೆ. ನಾನು ಗಂಟೆ ಬಾರಿಸುತ್ತಿದ್ದೆ. ಅಷ್ಟು ಭಕ್ತಿಯಿಂದ ನಾನು ನನ್ನ ಸ್ವಂತ ಸ್ಕೂಟರಿಗೂ ಬಾರಿಸಿದವನಲ್ಲ.

ಈಗ ವರದಿಗೆ ಬರುತ್ತೇನೆ. ಅಂಗಡಿಯನ್ನು ನಿನ್ನ ಹೆಂಡತಿ ವಿಮಲಕ್ಕನೇ ನಡೆಸುತ್ತಿದ್ದಾರೆ, ನಿನಗಿಂತ ಚೆನ್ನಾಗಿ. ಬೇಜಾರಾಗಬೇಡ, ನಿಜ ಅದೇ. ಯಾತ್ರಿಕರು ಕಾಲುಚೀಲದ ಜೊತೆಗೆ ಟೋಪಿ ಕೇಳುತ್ತಾರೆ, ನೀರಿನ ಬಾಟಲಿ ಕೇಳುತ್ತಾರೆ. ಅವನ್ನಿಡಲು ಜಾಗವೆಲ್ಲಿ? ಗೋಡೆಯ ಅರ್ಧವನ್ನು ನಿನ್ನ ಬೀರು ನುಂಗಿಕೊಂಡಿದೆ. "ಅಣ್ಣಾ, ಇದುಕ್ಕೊಂದು ದಾರಿ ಮಾಡಿ. ಒಂದೊಂದಾಗಿ ಕೇಳ್ದೋರಿಗೆ ಕೊಟ್ಬುಡಾನ" ಎಂದು ನನಗೆ ಫೋನು ಮಾಡಿದರು. ಒಂದೊಂದಾಗಿ! ಹೊಳೆನರಸೀಪುರ ಒಬ್ಬರ ಮನೆಗೆ, ಅರಕಲಗೂಡು ಇನ್ನೊಬ್ಬರ ಮನೆಗೆ... ನಾನು ಹಾಸನದಿಂದ ಸಿಕ್ಕ ಬಸ್ಸು ಹತ್ತಿ ಓಡಿ ಬಂದೆ.

ಅಲ್ಲಿ ನಿನ್ನ ಮಗಳು ಸುಜಾತ ನನ್ನ ಪಕ್ಷದಲ್ಲಿದ್ದಳು. "ಅಮ್ಮಾ, ಒಂದೊಂದು ಗಾಡಿ ಕೆಳಗೂ ಅದೇನು ಅಂತ ಚೀಟಿ ಬರೆದಿಡಾಣ. ಜನ ನೋಡಕ್ಕೆ ನಿಂತ್ಕೋತಾರೆ, ನಿಂತೋರು ಟೋಪಿ ತಗೋತಾರೆ." ವಿಮಲಕ್ಕ ಅರೆಮನಸ್ಸಿನಿಂದ ಒಪ್ಪಿದರು. ಸುಜಾತ ಫೋನನ್ನು ಅಕ್ಷರಗಳ ಮೇಲೆ ಹಿಡಿದರೆ ಅದು ಕನ್ನಡದಲ್ಲಿ ಅರ್ಥ ಹೇಳುತ್ತದೆ. ನೀನಿದ್ದಾಗ ನಮಗೆ ಈ ವಿದ್ಯೆ ಹೊಳೆಯಲೇ ಇಲ್ಲವಲ್ಲೋ! ಬ್ರೆಡ್ಡು ಎಂದಿತು, ಹಾಲು ಎಂದಿತು. ಕೆಂಪು ವ್ಯಾನಿನ ಮೇಲೆ ಹಿಡಿದಳು. ಹಿಡಿದವಳು ಹಿಡಿದೇ ಇದ್ದಳು.

"ಏನೇ ಅದು?" ಎಂದರು ವಿಮಲಕ್ಕ.

"ಮಾಂಸದಂಗಡಿ ಅಂತಾ ಐತೆ ಕಣಮ್ಮ."

ದೇವು, ಇದನ್ನು ನಾನು ಪೇಪರಿನ ನನ್ನ ಯಾವ ಅಂಕಣದಲ್ಲೂ ಬರೆಯಲಾರೆ. ಈರುಳ್ಳಿಯೂ ಹೊಸಿಲು ದಾಟದ ಮನೆಯವನಾದ ನೀನು ತೀರ್ಥಂಕರರ ಪಟದೆದುರು ವರ್ಷ ವರ್ಷವೂ ಅಕ್ಷತೆ ಹಾಕಿ ಪೂಜಿಸಿದ್ದು ಕಟುಕನ ಗಾಡಿಯನ್ನು! ನಗು ಗಂಟಲವರೆಗೆ ಬಂದಿತ್ತು. ವಿಮಲಕ್ಕನ ಮುಖ ನೋಡಿ ಅದು ಹಾಗೆಯೇ ವಾಪಸು ಹೋಯಿತು. ಮುಗಿಯಿತು ಅಂದುಕೊಂಡೆ. ಇದೊಂದೇ ಅಲ್ಲ, ಇದರ ನೆಪದಲ್ಲಿ ಇಡೀ ಬೀರುವೇ ಬೀದಿಗೆ.

"ಅವ್ರಿಗೆ ಗೊತ್ತಿತ್ತಾ?" ಎಂದರು.

"ಇಲ್ಲ ಅಕ್ಕ. ಕುಂಕುಮ ಅಂತಲೇ ನಂಬಿದ್ದ. ನಾನೂ ನಂಬಿದ್ದೆ."

"ನೀವು ಬುಡಿ. ನಿಮ್ಗೆ ಗೊತ್ತಿದ್ರೆ ಇಷ್ಟೊತ್ಗೆ ಪೇಪರ್ನಾಗೆ ಬರ್ದಿರೋರು."

ನಾನು ಕೈಮುಗಿದು ವಕಾಲತ್ತು ಶುರುಮಾಡಿದೆ. "ಅಕ್ಕ, ದೀಕ್ಷೆ ತಗೊಂಡವರನ್ನ ಪೂರ್ವಾಶ್ರಮದಲ್ಲಿ ಏನು ಕಸುಬು ಮಾಡ್ತಿದ್ರಿ ಅಂತ ಯಾರಾದ್ರೂ ಕೇಳ್ತಾರಾ?" ವಿಮಲಕ್ಕ ವ್ಯಾನನ್ನು ಎತ್ತಿಕೊಂಡರು. ಅದರ ಹಿಂದಿನ ಪುಟ್ಟ ಬಾಗಿಲುಗಳು ತೆರೆಯುತ್ತವೆಂದು ನಿನಗೆ ಗೊತ್ತಿತ್ತೇ? ನನಗಂತೂ ಗೊತ್ತಿರಲಿಲ್ಲ. ಉಗುರಿನ ತುದಿಯಿಂದ ಬಾಗಿಲು ತೆರೆದು, ಕಣ್ಣಿನ ಹತ್ತಿರ ಹಿಡಿದು, ಒಳಗೆ ಬಹಳ ಹೊತ್ತು ನೋಡಿದರು. ಸಂಜೆಯ ಬಿಸಿಲು ಆ ಪುಟ್ಟ ಗಾಡಿಯೊಳಗೆ ನುಗ್ಗಿ ಅವರ ಕೆನ್ನೆಯ ಮೇಲೆ ಕೆಂಪಗೆ ಬಿತ್ತು.

"ಖಾಲಿ ಐತೆ" ಎಂದರು. ಆಮೇಲೆ, "ನಮ್ಮನೆಗೆ ಬಂದ್ಮೇಲೆ ಇದು ಅಂಥದ್ದೇನೂ ಒತ್ಕೊಂಡಿಲ್ಲ ಬುಡಿ. ನಮ್ ಪದ್ಧತಿಗೆ ಒಗ್ಗೈತೆ. ಇರ್ಲಿ."

ಇರಲಿ ಅಂದರೆ ಅದು ಮಾತ್ರವೋ, ಎಲ್ಲವೂ ಇರಲಿ ಅಂದದ್ದೋ? ಕೇಳುವ ಧೈರ್ಯ ನನಗಾಗಲಿಲ್ಲ. ಅವರು ವ್ಯಾನನ್ನು ಅದರ ಜಾಗದಲ್ಲೇ ಇಟ್ಟು, ಸೆರಗಿನಿಂದ ಗಾಜು ಒರೆಸತೊಡಗಿದರು. ನಿನ್ನ ಈ ಹುಚ್ಚಿನ ಮೇಲೆ ಒಂದು ದಿನವೂ ಕೈಯಿಡದಿದ್ದವರು ಹಾಸನವನ್ನು ಒರೆಸಿದರು, ಚನ್ನರಾಯಪಟ್ಟಣವನ್ನು ಒರೆಸಿದರು, ಕೆಳಗೆ ಬಗ್ಗಿ ಅರಕಲಗೂಡನ್ನೂ ಒರೆಸಿದರು. ಒರೆಸುತ್ತಲೇ ಒಂದೊಂದು ಗಾಡಿಯ ಒಳಗೂ ಇಣುಕಿದರು. ಏನು ಹುಡುಕುತ್ತಿದ್ದಾರೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

"ಅಣ್ಣಾ" ಅಂದರು ಕೊನೆಗೆ, ನಮ್ಮ ಕಡೆ ತಿರುಗದೆ. "ಆಲಿಂದು, ಬ್ರೆಡ್ಡಿಂದು, ಟಪಾಲಿಂದು. ಎಲ್ಲಾ ಸಾಮಾನು ಒರೋವೇ ಆದ್ವಲ್ಲ. ಜನ ಕೂರೋದು ಒಂದೂ ಇಲ್ವಲ್ಲ. ನಮ್ ಯಜಮಾನ್ರು ಎಲ್ಲಿ ಕೂತ್ಕತಾರೆ?"

ಮಾತು ಮಾರಿ ಬದುಕುವವನು ನಾನು. ಆಗ ಮಾತು ಬಿಟ್ಟು ಜೇಬಿನಿಂದ ಫೋನು ತೆಗೆದೆ. ಸುಜಾತ ಕಾಲುಚೀಲಗಳ ಗಂಟಿನ ಮೇಲೆ ಮುಖವಿಟ್ಟುಕೊಂಡಳು.

ಆಮೇಲೆ ಮೂವರೂ ನನ್ನ ಫೋನಿನ ಸುತ್ತ ತಲೆ ಸೇರಿಸಿ ಹುಡುಕಿದೆವು. ವಿಮಲಕ್ಕನೇ ಆರಿಸಿದರು, ಫ್ರಾನ್ಸಿನ ಹಳ್ಳಿಗಾಡಿನ ಹಳೇ ಬಸ್ಸು. ಕೆನೆ ಬಣ್ಣ, ಕೆಳಗೆ ಹಸಿರು ಪಟ್ಟಿ, ದುಂಡು ಬೆನ್ನು, ತಲೆಯ ಮೇಲೆ ಸಾಮಾನಿನ ಕಟಕಟೆ, ಹಿಂದೆ ಏಣಿ. "ಕಿಟಕಿ ದೊಡ್ಡವವೆ. ಇದೇ ಇರ್ಲಿ" ಅಂದರು. ಟೋಪಿ, ಬಾಟಲಿಗಳನ್ನು ಹೊರಗೆ ಜಗುಲಿಗೆ ಸಾಗಿಸಿದ್ದಾಯಿತು. ಬೀರು ಕದಲಲಿಲ್ಲ. ಬಸ್ಸು ನನ್ನ ವಿಳಾಸಕ್ಕೆ ಬರುತ್ತದೆ. ಬಂದ ದಿನವೇ ತೊಡೆಯ ಮೇಲಿಟ್ಟುಕೊಂಡು ಹಾಸನದಿಂದ ನಾನೇ ತರುತ್ತೇನೆ, ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಯಾವ ಊರಿನ ಖಾನೆಯಲ್ಲಿ ನಿಲ್ಲಿಸಬೇಕೆಂದು ವಿಮಲಕ್ಕನನ್ನು ಕೇಳಿದ್ದಕ್ಕೆ, "ಅವ್ರು ಎಲ್ಲಿ ಬಸ್ಸು ಅತ್ತುತಾರೋ ಅಲ್ಲಿ" ಅಂದರು.

ಇವತ್ತು ಬೆಳಗ್ಗೆ ಫೋನು ನೋಡಿದೆ, ದೇವು. ಬಸ್ಸು ಹೊರಟಿದೆ.

ನಿನ್ನ,
ಶಿವಣ್ಣ