ಬೆನ್ನು ಹಿಡಿದದ್ದು ಅಳಿಯನಿಗೆ

ಅವ್ವಾ,

ನನಗೀಗ ಏಳು ತಿಂಗಳು. ನೀನು ಬದುಕಿದ್ದರೆ ತವರಿಗೆ ಕರೆದೊಯ್ಯಲು ಬಂದಿರುತ್ತಿದ್ದೆ.

ಹೊಟ್ಟೆಯ ಭಾರಕ್ಕೆ ನಡು ಮುಂದಕ್ಕೆ ಬಾಗಿ ಬೆನ್ನು ನೋಯುತ್ತದೆಂದು ಕೊಟ್ಟೂರಿನ ಡಾಕ್ಟರಮ್ಮ ಒಂದು ವ್ಯಾಯಾಮ ಹೇಳಿದರು. ಕೈ, ಮಂಡಿ ಊರಿ ಬೆಕ್ಕಿನಂತೆ ಬೆನ್ನು ಮೇಲೆತ್ತಬೇಕು.

"ತಡಿ, ನಾ ತೋರಸ್ತೀನಿ" ಎಂದು ನಿನ್ನ ಅಳಿಯ ಅಮರೇಶ್ ಬೆನ್ನೆತ್ತಿದರು. ಬೆನ್ನು ಹಾಗೇ ಹಿಡಿದುಕೊಂಡಿತು.

ಒಳಬಂದ ಅತ್ತೆ, "ಬಸುರಿ ಯಾರಲೇ, ನೀನೋ ಆಕಿನೋ?" ಎಂದರು. ನಾನು ನಕ್ಕು ನಕ್ಕು ಗೋಡೆ ಹಿಡಿದೆ.

"ಯವ್ವಾ, ನನ್ನ ಎಬ್ಬಸು!"

"ನೀ ಅಲ್ಲೇ ಇರು."

ಅತ್ತೆ ನನ್ನನ್ನು ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಮೆಲ್ಲಗೆ ಬೆನ್ನು ನೀವಿದರು. ನನಗೆ ಅಳು ಬಂತು.

"ನೋವಾತೇನವ್ವಾ?" ಎಂದರು.

"ಇಲ್ರಿ ಅತ್ತಿ" ಎಂದೆ. ಬೆನ್ನು ನಿಜಕ್ಕೂ ನೋಯುತ್ತಿರಲಿಲ್ಲ.