ಪೆಡಲ್ ಮೇಲಿನ ಕಾಲು

ಆನೇಮಹಲ್,
12 ಫೆಬ್ರವರಿ 2025, ಬುಧವಾರ

ಸೋಮಣ್ಣನಿಗೆ ಮೋಹನನ ನಮಸ್ಕಾರ.

ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೆ ಈ ಕಾಗದ. ಹೆಸರು ನೋಡಿದ ಕೂಡಲೇ ಹರಿಯಬೇಡ. ಹರಿಯುವುದಿದ್ದರೂ ಪೂರ್ತಿ ಓದಿ ಹರಿ. ಇಪ್ಪತ್ತು ವರ್ಷ ನನ್ನ ಲಾರಿಗೆ ನೀನೇ ಮೇಸ್ತ್ರಿಯಾಗಿದ್ದೆ, ಇಷ್ಟು ಕೇಳುವ ಸಲುಗೆ ಇನ್ನೂ ಉಳಿದಿದೆ ಎಂದುಕೊಂಡಿದ್ದೇನೆ.

ಶಿರಾಡಿ ಘಾಟಿಯಲ್ಲಿ ಲಾರಿಯನ್ನು ಗುಡ್ಡಕ್ಕೆ ಗುದ್ದಿಸಿ ನಿಲ್ಲಿಸಿ ಹತ್ತು ತಿಂಗಳಾಯಿತು. ಬಲಗೈ ಬೆರಳಿಗೆ ಸೈಲೆನ್ಸರ್ ತಗುಲಿ ಸುಟ್ಟ ಗಾಯ ಮಾಯ್ದಿದೆ, ಕಲೆ ಇದೆ ಅಷ್ಟೆ. ರಾಡ್ ಹಾಕಿದ ಎಡಗಾಲು ಮಾತ್ರ ಮಡಚುವುದಿಲ್ಲ. ಬಾಗಿಲಿನಿಂದ ಗೇಟಿಗೆ ಇಪ್ಪತ್ತೆರಡು ಹೆಜ್ಜೆ, ಅಲ್ಲಿಗೆ ನನ್ನ ಪ್ರಪಂಚ ಮುಗಿಯಿತು. ಗೇಟಿನಾಚೆ ಹೈವೇ. ಘಾಟಿಗೆ ಇಳಿಯುವ ಪ್ರತಿ ಲಾರಿಯೂ ನನ್ನ ಕಿಟಕಿಯ ಮುಂದೆಯೇ ಹೋಗಬೇಕು. ಸದ್ದಿನಲ್ಲೇ ಲೋಡೆಷ್ಟು, ಗೇರ್ ಯಾವುದು ಎಂದು ಹೇಳಬಲ್ಲೆ, ಆದರೆ ಅದನ್ನು ಯಾರೂ ಕೇಳುವುದಿಲ್ಲ. ಬಂದವರೆಲ್ಲ ಕೇಳುವುದು ಅವತ್ತು ಏನಾಯಿತು ಎಂದು. ಬ್ರೇಕ್ ಹಿಡಿಯಲಿಲ್ಲ ಎನ್ನುತ್ತೇನೆ. ಹೇಳಿ ಹೇಳಿ ಆ ಮಾತಿನೊಳಗೇ ಸಿಕ್ಕಿಹಾಕಿಕೊಂಡಿದ್ದೇನೆ, ಹೊರಗೆ ಬರುವ ದಾರಿ ಕಾಣುವುದಿಲ್ಲ.

ಹಿಂದಿನ ಸಂಜೆ ಬ್ರೇಕ್ ಲೈನರ್ ಹಾಕಿದವನು ನೀನು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬಾಳ್ಳುಪೇಟೆಗೆಲ್ಲ ಗೊತ್ತಿತ್ತು. ಒಂದೇ ತಿಂಗಳಲ್ಲಿ ನಿನ್ನ ಶೆಡ್ಡಿಗೆ ಗಾಡಿಗಳು ಬರುವುದು ನಿಂತವು. ನೀನು ಕೆ. ಹೊಸಕೋಟೆಗೆ ಹೋಗಿ ಪಂಪ್‌ಸೆಟ್ ರಿಪೇರಿಗೆ ಕೂತೆ ಎಂದು ಕೇಳಿದೆ. ಕೇಳಿ ಸುಮ್ಮನಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಗಬೇಡ, ನಾನೀಗ ವಿಮಾನ ಓಡಿಸುತ್ತೇನೆ. ಮಧುಶ್ರೀಯ ತಮ್ಮ ರವಿಚಂದ್ರ ತನ್ನ ಹಳೇ ಕಂಪ್ಯೂಟರ್, ಸ್ಟಿಯರಿಂಗ್, ಪೆಡಲ್ ಎಲ್ಲ ತಂದು ಜೋಡಿಸಿಕೊಟ್ಟ, ಭಾವನಿಗೆ ಹೊತ್ತು ಹೋಗಲಿ ಎಂದು. ಆಟವೇ ಆದರೂ ನೂರೆಂಬತ್ತು ಜನ ಕೂರುವ ವಿಮಾನ. ಬೆಂಗಳೂರಲ್ಲಿ ಎಬ್ಬಿಸಿ ಮಂಗಳೂರಲ್ಲಿ ಇಳಿಸುತ್ತೇನೆ. ನಾವು ಗಂಟೆಗಟ್ಟಲೆ ಒದ್ದಾಡುವ ಘಾಟಿ ಅದರಲ್ಲಿ ಐದು ನಿಮಿಷಕ್ಕೆ ಹಿಂದೆ ಹೋಗುತ್ತದೆ. ಅಲ್ಲೂ ನನ್ನನ್ನು ಕಾಡಿದ್ದು ಬ್ರೇಕೇ, ನೋಡು ಮಾರಾಯ.

ಆ ವಿಮಾನದಲ್ಲಿ ಆಟೋಬ್ರೇಕ್ ಅಂತ ಒಂದಿದೆ. ಇಳಿಯುವ ಮೊದಲೇ ಗುಂಡಿ ತಿರುಗಿಸಿಟ್ಟರೆ, ಚಕ್ರ ನೆಲ ಮುಟ್ಟುತ್ತಲೇ ತಾನಾಗಿ ಬ್ರೇಕ್ ಹಿಡಿಯಬೇಕು. ನನಗೆ ಹಿಡಿಯುತ್ತಿರಲಿಲ್ಲ. ಆಟೋಬ್ರೇಕ್ ಬಿಟ್ಟಿತು ಎನ್ನುವ ದೀಪ ಹತ್ತುತ್ತಿತ್ತು, ನಾನು ಗಾಬರಿಯಾಗಿ ತುಳಿಯುವಷ್ಟರಲ್ಲಿ ವಿಮಾನ ರನ್‌ವೇ ಮುಗಿಸಿ ಗುಡ್ಡದಿಂದ ಕೆಳಗೆ. ಹದಿನೈದು ದಿನ ಇದೇ ಗೋಳು. ಗುಂಡಿಯನ್ನು ಕಡಿಮೆಗಿಟ್ಟೆ, ಜಾಸ್ತಿಗಿಟ್ಟೆ. ರೆಕ್ಕೆಯ ಮೇಲಿನ ಹಲಗೆಗಳು ಏಳದಿದ್ದರೂ ಹೀಗಾಗುತ್ತದೆ ಎಂದು ಓದಿ ಅದನ್ನೂ ಸರಿಮಾಡಿದೆ. ಆಟವನ್ನೇ ಅಳಿಸಿ ಮತ್ತೆ ಹಾಕಿದೆ. ಕೊನೆಗೆ ಅದನ್ನು ಮಾಡಿದವರನ್ನೇ ಬೈದೆ, ಕೆಲಸ ಬರದ ಮುಂಡೇವು ಎಂದು. ಪೆಡಲನ್ನು ಒಂಚೂರು ಒತ್ತಿದರೂ ಆಟೋಬ್ರೇಕ್ ಬಿಟ್ಟುಹೋಗುತ್ತದೆ, ಪೈಲಟ್ ತಾನೇ ಹಿಡಿಯುತ್ತಾನೆ ಎಂದು ಅದು ತಿಳಿಯುತ್ತದೆ ಎಂದು ರವಿಚಂದ್ರ ಫೋನಿನಲ್ಲಿ ಹೇಳಿದ. ನಾನು ಮುಟ್ಟಿಯೇ ಇಲ್ಲ ಎಂದು ಅವನ ಮೇಲೂ ರೇಗಿದೆ.

ಮೊನ್ನೆ ಭಾನುವಾರ ಮಧುಶ್ರೀ ಪಕ್ಕದಲ್ಲಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ವಿಮಾನ ಇಳಿಯಿತು, ದೀಪ ಹತ್ತಿತು. ಅವಳು ನೋಡುತ್ತಿದ್ದದ್ದು ಮೇಜಿನ ಕೆಳಗೆ.

"ರೀ, ನಿಮ್ ಕಾಲು ಪೆಡಲ್ ಮೇಲೇ ಐತೆ ಕಣ್ರೀ," ಎಂದಳು. "ಆವಾಗಿಂದ್ಲೂ ಅಲ್ಲೇ ಐತೆ."

ಬಗ್ಗಿ ನೋಡಿದೆ. ಬಲಗಾಲು ತನ್ನ ಪಾಡಿಗೆ ಬ್ರೇಕ್ ಮೇಲೆ ಕೂತಿತ್ತು. ಪೆಡಲಿನ ವೈರು ಕಿತ್ತು, ಕಾಲನ್ನು ಮಣೆಯ ಮೇಲಿಟ್ಟು ಇನ್ನೊಮ್ಮೆ ಇಳಿಸಿದೆ. ರನ್‌ವೇ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ವಿಮಾನ ತಾನಾಗಿ ನಿಂತಿತು. ಮಧುಶ್ರೀಗೆ ಖುಷಿ. ನನ್ನ ಕಣ್ಣಿಗೆ ಕಂಡಿದ್ದು ಶಿರಾಡಿ ಘಾಟಿ.

ನಿನಗೆ ಬಿಡಿಸಿ ಹೇಳಬೇಕಿಲ್ಲ. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಕಾಲನ್ನು ಬ್ರೇಕ್ ಮೇಲೆ ಕೂರಿಸಬೇಡಿ ಎಂದು ಹೊಸ ಡ್ರೈವರುಗಳಿಗೆಲ್ಲ ಪಾಠ ಹೇಳಿದವನು ನಾನು. ನನ್ನ ಕಾಲೇ ಎಷ್ಟು ವರ್ಷದಿಂದ ಅಲ್ಲಿ ಕೂರುತ್ತಿತ್ತೋ ಏನೋ. ಲೋಡು ಕಾಫಿ ಹೊತ್ತು ಅಷ್ಟು ದೂರ ಬ್ರೇಕ್ ಉಜ್ಜಿಕೊಂಡೇ ಇಳಿದರೆ ಯಾರು ಹಾಕಿದ ಲೈನರ್ ಆದರೂ ಕಾದು ಕೈಕೊಡುತ್ತದೆ. ಹೊರಡುವಾಗ ನೀನು, ಲೈನರ್ ಹಾಕಿದ ಪ್ರತಿ ಸಲದಂತೆ, ಹೇಳಿದ್ದೆ: "ಹೊಸ ಲೈನರ್ ಕಣೋ. ಮಾರನಹಳ್ಳೀಲಿ ನಿಲ್ಸಿ ಚಕ್ರದ ಬ್ರೇಕ್ ಡ್ರಮ್ ಮುಟ್ಟಿ ನೋಡು. ಕೈ ಸುಟ್ರೆ ಅಲ್ಲೇ ನಿಲ್ಲು, ನಂಗೆ ಫೋನ್ ಮಾಡು." ಅವತ್ತು ಯಾವುದೋ ಯೋಚನೆಯಲ್ಲಿ ಮರೆತು ಮಾರನಹಳ್ಳಿ ದಾಟಿಬಿಟ್ಟೆ. ತಪ್ಪು ನಿನ್ನ ಕೆಲಸದ್ದಲ್ಲ ಸೋಮಣ್ಣ. ನನಗೇ ಗೊತ್ತಿಲ್ಲದೆ ಬೆಳೆದ ನನ್ನ ಅಭ್ಯಾಸದ್ದು.

ಶೆಡ್ಡಿನ ಜಾಗದ ಯಜಮಾನರು ಶಾಂತಮಲ್ಲಪ್ಪನವರು ಬರುವ ಭಾನುವಾರ ಬೇರೆ ಮೇಸ್ತ್ರಿಗೆ ಬೀಗದ ಕೈ ಕೊಡುತ್ತಾರಂತೆ. ಅಷ್ಟರೊಳಗೆ ಈ ಕಾಗದ ಅವರಿಗೆ ತೋರಿಸು. ನಾನೇ ಫೋನ್ ಮಾಡಿ ಹೇಳಬಹುದಿತ್ತು, ಮೂರು ಸಲ ನಂಬರ್ ಒತ್ತಿ ಅಳಿಸಿದೆ. ಧೈರ್ಯ ಬರಲಿಲ್ಲ. ನಿನ್ನ ಶೆಡ್ಡು ನಿನಗೇ ಸಿಗಲಿ. ನಿನ್ನ ಮುಖ ನೋಡಿ ಮಾತಾಡುವ ದಿನ ನನಗೂ ಸಿಗಲಿ.

ನಿನ್ನ ಋಣದಲ್ಲಿರುವ,
ಮೋಹನ್

ವಿ.ಸೂ.: ಲಕೋಟೆ ಅಂಟಿಸಿ ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಇವತ್ತು ಶುಕ್ರವಾರ, ಒಯ್ಯಲು ರವಿಚಂದ್ರ ಬಂದು ಕಾಯುತ್ತಿದ್ದಾನೆ. ಲಕೋಟೆ ಬಿಚ್ಚಿ ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನಾನು ಮರೆತಿರಲಿಲ್ಲ. ಮಾರನಹಳ್ಳಿಯಲ್ಲಿ ನಿಲ್ಲಿಸಿದೆ, ಡ್ರಮ್ ಮುಟ್ಟಿದೆ. ಬೆರಳು ಸುಟ್ಟಿದ್ದು ಅಲ್ಲೇ, ಸೈಲೆನ್ಸರಿನಿಂದಲ್ಲ. ಫೋನ್ ಮಾಡಿದರೆ ನೀನು ಬರುವ ತನಕ ಅಲ್ಲೇ ಕೂರಿಸುತ್ತೀಯ ಎಂದು ಬೇಸರವಾಗಿ, ಕೈಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ಹೊರಟುಬಿಟ್ಟೆ. ಪೇಸ್ಟ್ ಕೊಟ್ಟವನು ಟೀ ಅಂಗಡಿಯ ಕೆಂಚಯ್ಯ, ಬೇಕಾದರೆ ಕೇಳಿ ನೋಡು. ಶಾಂತಮಲ್ಲಪ್ಪನವರಿಗೆ ಈ ಹಾಳೆಯನ್ನೇ ಮೊದಲು ತೋರಿಸು. ಇದರಲ್ಲೂ ಸಹಿ ಹಾಕಿದ್ದೇನೆ. — ಮೋಹನ್