ಅಕ್ಕನ ಅಂಗಳದ ಹಗ್ಗ

ನಗರಸಭೆಯ ಇನ್‌ಸ್ಪೆಕ್ಟರ್ ಸಾಹೇಬರಿಗೆ ನಮಸ್ಕಾರ.

ಪಕ್ಕದ ಮನೆಯ ಬಾಗಿಲಿನಿಂದ ಗೇಟಿನವರೆಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿಸಿದ್ದಕ್ಕೆ ದೊಡ್ಡ ಉಪಕಾರವಾಯಿತು. ಬೀದಿಗೆ ಕಾಣುವಂತೆ ಹಗ್ಗ ಕಟ್ಟಬಾರದೆಂದು ನೀವೇ ನಿಯಮ ಮಾಡಿದ್ದೀರಲ್ಲ. ಆ ಮನೆಯಾಕೆ ನನ್ನ ಒಡಹುಟ್ಟಿದ ಅಕ್ಕ. ಕಣ್ಣು ಹೋದ ಮೇಲೆ ಆ ಹಗ್ಗ ಹಿಡಿದೇ ಓಡಾಡುತ್ತಿದ್ದಳು. ನಿಯಮ ಅಂದಮೇಲೆ ಅಕ್ಕನೇನು, ತಮ್ಮನೇನು? ನೀವು ಮೂರು ವರ್ಷದಿಂದ ನನಗೇ ಕೊಡುತ್ತಿರುವ ‘ಅಚ್ಚುಕಟ್ಟು ಮನೆ’ ಫಲಕ ಅವಳ ಹಗ್ಗದಿಂದ ಕೈತಪ್ಪಬಾರದು.

ಈಗ ಹೊಸ ದೂರು. ಅವಳ ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿದೆ. ಹಗ್ಗ ಹೋದಂದಿನಿಂದ ಅವಳು ಹೊಸಿಲು ದಾಟಿಲ್ಲ, ಇನ್ನು ಹುಲ್ಲು ಕೀಳುವವರು ಯಾರು? ದಯವಿಟ್ಟು ಇನ್ನೊಂದು ನೋಟಿಸ್ ಕಳಿಸಿ. ಓದಿ ಹೇಳಲು ನಾನಿದ್ದೇನೆ. ಮೊದಲಿನದನ್ನು ಓದಿದಾಗ, “ಯಾವ ಪಾಪಿ ದೂರು ಕೊಟ್ಟನೋ, ನೀನಾದರೂ ಇದ್ದೀಯಲ್ಲಪ್ಪ” ಅಂತ ನನ್ನ ಕೈ ಹಿಡಿದುಕೊಂಡಳು. ಹಗ್ಗ ಕಟ್ಟಿಕೊಳ್ಳಲು ಬಿಡಿ ಎಂದು ನಿಮಗೊಂದು ಅರ್ಜಿಯನ್ನೂ ನನ್ನ ಕೈಲೇ ಬರೆಸಿದಳು. ಅದು ನನ್ನ ಮೇಜಿನೊಳಗೆ ಭದ್ರವಾಗಿದೆ.

ದಿನಾ ಉತ್ತರ ಬಂತೇ ಎಂದು ಕೇಳುತ್ತಿದ್ದಳು. ನಿಮಗೇಕೆ ತೊಂದರೆ ಎಂದು, ಮೊನ್ನೆ ಒಂದು ಖಾಲಿ ಹಾಳೆ ಹಿಡಿದು ನಾನೇ ಓದಿ ಹೇಳಿದೆ: “ಆಗುವುದಿಲ್ಲ.”

ಆ ಹಾಳೆಯನ್ನು ದಿಂಬಿನಡಿ ಇಟ್ಟುಕೊಂಡಿದ್ದಾಳೆ. ಬಂದಾಗ ತೋರಿಸಿದರೆ, ನೀವೂ ಹಾಗೇ ಓದಿಬಿಡಿ.

ಇಂತಿ,
‘ಅಚ್ಚುಕಟ್ಟು ಮನೆ’ಯ ಯಜಮಾನ